ಸಂತರು ನಿಂತ ನೆಲ

ಅನ್ಸಾನೊನಿಗೆ ನೆಲ ಬರೆಯಲು ಬರುತ್ತಿರಲಿಲ್ಲ.

ವಯಸ್ಸು ಐವತ್ತೆರಡು. ಅದರಲ್ಲಿ ನಲವತ್ತು ವರ್ಷ ಕುಂಚ ಹಿಡಿದೇ ಕಳೆದಿದ್ದ. ಉಸಿರು ಬಿಗಿಹಿಡಿದು ಚಿನ್ನದ ರೇಕನ್ನು ಕೆಂಪು ಜೇಡಿಯ ಮೇಲೆ ಕೂರಿಸುವುದು, ಅದನ್ನು ನಾಯಿಯ ಹಲ್ಲಿನಿಂದ ಉಜ್ಜಿ ಕನ್ನಡಿ ಮಾಡುವುದು, ಮುಖದ ಬಣ್ಣದ ಅಡಿಗೆ ಹಸಿರು ಮಣ್ಣು ಬಳಿಯುವುದು, ಕನ್ಯೆಯರ ಕೆನ್ನೆಗೆ ಪೇಟೆ ಕೋಳಿಯ ಮೊಟ್ಟೆಯ ಬಿಳಿಚಿದ ಹಳದಿ, ಮುದುಕ ಸಂತರ ಹಣೆಗೆ ಹಳ್ಳಿ ಕೋಳಿಯ ಮೊಟ್ಟೆಯ ಕೆಂಪು ಹಳದಿ ಕಲಸುವುದು, ಇವೆಲ್ಲ ಅವನಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದವು. ನೆಲ ಮಾತ್ರ ಬರುತ್ತಿರಲಿಲ್ಲ. ಅವನ ಅಪ್ಪ ಮೆಮ್ಮೊ ಅದನ್ನು ಕಲಿಸಿರಲಿಲ್ಲ. ಮೆಮ್ಮೊನ ಸಂತರು ನಿಲ್ಲುವುದಕ್ಕೆ ನೆಲ ಕೇಳಿದವರೇ ಅಲ್ಲ. ನಿಲುವಂಗಿಯ ಅಂಚು, ಎರಡು ಪಾದ, ಅದರಾಚೆ ಚಿನ್ನ. ಅಷ್ಟೇ.

ಸೊರ್ಬಾನೊ ಊರಿನ ಚರ್ಚಿನಲ್ಲಿ ಮೆಮ್ಮೊ ಬರೆದ ಚಿತ್ರಫಲಕವೊಂದಿತ್ತು. ನಡುವೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಮಾತೆ ಮರಿಯ. ಎಡಕ್ಕೆ ಹಂದಿಯ ಜೊತೆ ಸಂತ ಅಂತೋನಿಯೊ ಮತ್ತು ದೀಕ್ಷಾಸ್ನಾನ ಮಾಡಿಸುವ ಸಂತ ಯೊವಾನ್ನಿ. ಬಲಕ್ಕೆ ಕಾತೆರೀನಾ ಮತ್ತು ಊರಿನ ಸಂತ ಗಾಲ್ಗಾನೊ. ಒಬ್ಬೊಬ್ಬರಿಗೂ ಒಂದೊಂದು ಕಮಾನು, ಒಂದೊಂದು ಕಮಾನಿನ ಮೇಲೂ ಒಂದು ಚೂಪು ಗೋಪುರ, ಗೋಪುರದೊಳಗೆ ಒಬ್ಬ ದೇವದೂತ. ಮಾತೆಯ ಕಾಲ ಬಳಿ ಮೊಳಕೈ ಉದ್ದದ ಹೆಂಗಸೊಬ್ಬಳು ಕೈ ಮುಗಿದು ಮಂಡಿಯೂರಿದ್ದಳು. ಅವಳು ಮೀತಾ. ಈ ಫಲಕಕ್ಕಾಗಿ ತನ್ನ ದ್ರಾಕ್ಷಿ ತೋಟ ಬರೆದುಕೊಟ್ಟವಳು.

ಮೆಮ್ಮೊ ಬದುಕಿನಲ್ಲಿ ಐದು ದೊಡ್ಡ ಫಲಕ ಬರೆದಿದ್ದ. ಎರಡು ಬೆಂಕಿಗೆ ಹೋದವು, ಒಂದನ್ನು ಹುಳ ತಿಂದಿತು, ಒಂದನ್ನು ಸೈನಿಕರು ಹೊತ್ತುಕೊಂಡು ಹೋದರು. ಉಳಿದಿದ್ದು ಇದೊಂದೇ.

ದ್ರಾಕ್ಷಿ ಕೊಯ್ಲು ಮುಗಿದ ವಾರ ಗಾಲ್ಗಾನೊ ಸಂಘದವರು ಚರ್ಚಿನಲ್ಲಿ ಸೇರಿದರು. ಸಂಘದ ಹಿರಿಯ ಲಾಪೊ ಚರ್ಮ ಹದ ಮಾಡುವವನು. ಅವನು ಎಲ್ಲಿ ನಿಂತರೂ ಉಳಿದವರು ಗಾಳಿ ನೋಡಿಕೊಂಡು ನಿಲ್ಲುತ್ತಿದ್ದರು.

"ಹೊಳೆಯಾಚೆ ಊರಿನ ಚರ್ಚಿಗೆ ಹೋಗಿದ್ದೆ ಕಣ್ರಯ್ಯಾ," ಎಂದ ಲಾಪೊ. "ಹೊಸ ಚಿತ್ರ ಇಟ್ಟಿದಾರೆ. ಸಂತನ ಕಾಲಡೀಲಿ ಚಪ್ಪಡಿ ಹಾಸಿದೆ. ಹಿಂದೆ ಗುಡ್ಡ. ಗುಡ್ಡದ ಹಿಂದೆ ನೀರು. ನೀರಲ್ಲಿ ಒಬ್ಬ ಮೀನು ಹಿಡೀತಿದಾನೆ. ನಾನು ಜಪ ಮರ್ತು ಅವನಿಗೆ ಮೀನು ಸಿಗ್ತೋ ಇಲ್ವೋ ಅಂತ ನೋಡ್ತಾ ನಿಂತ್ಬಿಟ್ಟೆ."

"ಜಪ ಮರೆತಿದ್ದು ಒಳ್ಳೇದೋ ಕೆಟ್ಟದ್ದೋ?" ಎಂದು ಅನ್ಸಾನೊ ಕೇಳಿದ.

"ಒಳ್ಳೇದೇ ಇರ್ಬೇಕು. ಪಾದ್ರೀನೂ ಅದನ್ನೇ ನೋಡ್ತಿದ್ದ. ಈಗ ನಮ್ದು ನೋಡು. ಈ ಅಂತೋನಿಯೊ ಎಲ್ಲಿ ನಿಂತಿದಾನೆ ಹೇಳು?"

"ಸ್ವರ್ಗದಲ್ಲಿ."

"ಸರಿ. ಅವನ ಹಂದಿ?"

ಎಲ್ಲರೂ ನಕ್ಕರು. ಅನ್ಸಾನೊ ಐವತ್ತೆರಡು ವರ್ಷ ಆ ಹಂದಿಯನ್ನು ನೋಡಿದ್ದ, ಅದು ಎಲ್ಲಿ ಕಾಲೂರಿದೆ ಎಂಬ ಪ್ರಶ್ನೆ ಒಂದು ದಿನವೂ ಬಂದಿರಲಿಲ್ಲ.

ಸಂಘದ ತೀರ್ಮಾನ ಚಿಕ್ಕದು. ಡಿಸೆಂಬರಿನ ಗಾಲ್ಗಾನೊ ಹಬ್ಬದೊಳಗೆ ಫಲಕ ಹೊಸ ರೀತಿಗೆ ಬರಬೇಕು. ಗೋಪುರ ತೆಗೆದು ಚೌಕ ಮಾಡಬೇಕು, ನೆಲ ಬೇಕು, ಆಕಾಶ ಬೇಕು. ಇಲ್ಲದಿದ್ದರೆ ಸಿಯೆನಾದಿಂದ ಹೊಸದು ತರಿಸುವುದು. ಹಳೆಯದರ ಹಲಗೆ ದಪ್ಪಗಿದೆ, ಮೇಣದ ಬತ್ತಿ ಇಡುವ ಪೆಟ್ಟಿಗೆಗೆ ಆಗುತ್ತದೆ.

"ನಾನೇ ಮಾಡ್ತೀನಿ," ಎಂದ ಅನ್ಸಾನೊ.

"ನಿಂಗೆ ಬರುತ್ತಾ?"

"ಬರುತ್ತೆ."

ಅಪ್ಪನ ಕೊನೆಯ ಫಲಕ ಬತ್ತಿಪೆಟ್ಟಿಗೆ ಆಗುವುದನ್ನು ತಪ್ಪಿಸಲು ಬೇರೆ ಮಾತು ಅವನಿಗೆ ತೋಚಲಿಲ್ಲ.

ಫಲಕವನ್ನು ಎತ್ತಿನ ಗಾಡಿಯಲ್ಲಿ ಮನೆಗೆ ತಂದರು. ಬಡಗಿ ಗೊರೊ ಒಂದೇ ಬೆಳಿಗ್ಗೆ ಐದೂ ಗೋಪುರ ಕುಯ್ದು ಕೆಳಗಿಳಿಸಿದ. ಕಮಾನುಗಳ ನಡುವಿನ ಸಂದಿಗೆ ಹೊಸ ಹಲಗೆ ತುಂಬಿದ, ಹಿಂದುಗಡೆ ಪಟ್ಟಿ ಹೊಡೆದು ಐದನ್ನೂ ಸೇರಿಸಿ ಒಂದು ಚೌಕ ಮಾಡಿದ. ಕುಯ್ದ ದೇವದೂತರನ್ನು ಗೋಡೆಗೆ ಸಾಲಾಗಿ ಒರಗಿಸಿದ. ಅನ್ಸಾನೊನ ಹೆಂಡತಿ ವಾನ್ನಾ ಅವರ ಮೇಲೊಂದು ಗೋಣಿ ಹೊದಿಸಿದಳು.

"ಹೀಗೆ ಸಾಲಾಗಿ ಕೂತು ನನ್ನೇ ನೋಡ್ತವೆ," ಎಂದಳು.

ನೆಲದ ವಿಷಯ ಗೊತ್ತಿದ್ದದ್ದು ಗೊರೊನಿಗೇ. ಸಿಯೆನಾದಲ್ಲಿ ಹಾಡುವ ಪಾದ್ರಿಗಳ ಆಸನಗಳಿಗೆ ಮರದ ಚಕ್ಕೆ ಕೂರಿಸಿ ಚಿತ್ರ ಮಾಡುವ ಕೆಲಸದಲ್ಲಿ ಅವನು ಆರು ವರ್ಷ ಇದ್ದ. ಅಲ್ಲಿ ಅವರು ಚಕ್ಕೆಯಲ್ಲೇ ಅರ್ಧ ತೆರೆದ ಬೀರು ಮಾಡಿದ್ದರಂತೆ. ಅದನ್ನು ಮುಚ್ಚಲು ಹೋಗಿ ಒಬ್ಬ ಪಾದ್ರಿ ಉಗುರು ಮುರಿದುಕೊಂಡಿದ್ದನಂತೆ.

"ಸುಲಭ ಕಣಣ್ಣ," ಎಂದ ಗೊರೊ. "ಒಂದು ಮೊಳೆ, ಒಂದು ದಾರ. ನೆಲದ ಗೆರೆ ಎಲ್ಲಾ ಒಂದೇ ಕಡೆ ಓಡಿ ಹೋಗ್ಬೇಕು. ಅಲ್ಲಿ ಮೊಳೆ ಹೊಡಿ. ದಾರಕ್ಕೆ ಇದ್ದಿಲು ಮೆತ್ತು, ಮೊಳೆಗೆ ಕಟ್ಟು, ಕೆಳಗೆ ಎಳ್ದು ಬಿಡು. ಟಪ್. ಗೆರೆ ಬಿತ್ತು."

"ಮೊಳೆ ಎಲ್ಲಿ?"

"ನಟ್ಟನಡುವೆ. ನೋಡೋನ ಕಣ್ಣಿನ ಮಟ್ಟಕ್ಕೆ."

ಗೊರೊನ ಹೆಬ್ಬೆರಳು ಹೋಗಿ ಕೂತದ್ದು ಮಾತೆಯ ಎದೆಯ ಮೇಲೆ, ಮೇಲುಹೊದಿಕೆಯ ಗುಂಡಿಯ ಪಕ್ಕ.

"ತೆಗಿ ಕೈ," ಎಂದ ಅನ್ಸಾನೊ.

"ಸಣ್ಣ ಮೊಳೆ ಅಣ್ಣ. ಆಮೇಲೆ ತೂತು ಮುಚ್ಚಿದ್ರಾಯ್ತು."

"ಮಗನಿಗೆ ಮೊಳೆ ಹೊಡೆದೋರಿಗೆ ವರ್ಷ ವರ್ಷ ಶಾಪ ಹಾಕ್ತೀವಿ. ಈಗ ತಾಯಿಗೆ ನಾನು ಹೊಡೀಲಾ?"

ಗೊರೊ ಭುಜ ಕುಣಿಸಿದ. "ಹಾಗಾದ್ರೆ ನಿನ್ನಿಷ್ಟ. ನೆಲಕ್ಕೆ ದೇವರು ದಿಂಡರು ಗೊತ್ತಾಗಲ್ಲ, ಮೊಳೆ ಮಾತ್ರ ಗೊತ್ತಾಗುತ್ತೆ."

ಅನ್ಸಾನೊ ಎರಡು ದಿನ ಯೋಚಿಸಿ ಮೊಳೆಯನ್ನು ಎರಡು ಗೇಣು ಬಲಕ್ಕೆ, ಮಾತೆಗೂ ಕಾತೆರೀನಾಗೂ ನಡುವಿನ ಹೊಸ ಹಲಗೆಗೆ ಹೊಡೆದ. ಎರಡು ಗೇಣಿನಿಂದ ಏನಾಗುತ್ತದೆ ಎಂದುಕೊಂಡ.

ಮೊದಲು ಚಿನ್ನ ಹೆರೆಯಬೇಕಿತ್ತು. ಚಿನ್ನದ ಮೇಲೆ ಮೊಟ್ಟೆಯ ಬಣ್ಣ ಹಿಡಿಯುವುದಿಲ್ಲ. ಮೆಮ್ಮೊ ಒಂದು ಚಳಿಗಾಲ ಪೂರ್ತಿ ಕೂತು ಅಂಟಿಸಿದ್ದು ಮೂರು ದಿನದಲ್ಲಿ ತಟ್ಟೆಗೆ ಬಂತು. ಅಡಿಯ ಕೆಂಪು ಜೇಡಿ ಕಾಣಿಸಿದಾಗ ಸಂತರೆಲ್ಲ ಇಟ್ಟಿಗೆ ಗೂಡಿನೊಳಗೆ ನಿಂತ ಹಾಗಿದ್ದರು. ಅನ್ಸಾನೊ ತಲೆಯ ಹಿಂದಿನ ಪ್ರಭಾವಳಿಗಳನ್ನು ಮುಟ್ಟಲಿಲ್ಲ. ಅವು ಅಪ್ಪ ಕಬ್ಬಿಣದ ಅಚ್ಚಿನಿಂದ ಒಂದೊಂದೇ ಚುಕ್ಕಿ ಒತ್ತಿ ಮಾಡಿದ್ದವು. ಅವು ಇದ್ದರೆ ಅಪ್ಪ ಇದ್ದ ಹಾಗೆ ಎಂದುಕೊಂಡ.

ಆಮೇಲೆ ಆಕಾಶ ಬಳಿದ, ಅದರಡಿ ಮೇಕೆಗಳು ಮೇಯುವ ಒಂದು ಗುಡ್ಡ ಬರೆದ. ನೆಲ ಹಾಸಿದ. ಕೆಂಪೊಂದು ಬಿಳಿಯೊಂದು ಚಪ್ಪಡಿ, ದೂರ ಹೋದಂತೆ ಚಿಕ್ಕದು. ದಾರ ಎಳೆದು ಎಳೆದು ಬೆರಳು ಕಪ್ಪಾಯಿತು. ಬೆಳಿಗ್ಗೆ ನೋಡಿದರೆ ನೆಲ ನೆಲದ ಹಾಗೇ ಮಲಗಿರುತ್ತಿತ್ತು. ಊಟ ಮುಗಿಸಿ ಬಂದು ನೋಡಿದರೆ ಎದ್ದು ಗೋಡೆಯ ಹಾಗೆ ನಿಂತಿರುತ್ತಿತ್ತು. ಚಿತ್ರ ಅದೇ, ಕಣ್ಣೂ ಅದೇ. ಯಾವುದು ಸುಳ್ಳು ಹೇಳುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

"ನೆಲ ಮಲಗಿದೆಯೋ ನಿಂತಿದೆಯೋ, ಹೇಳು," ಎಂದು ವಾನ್ನಾಳನ್ನು ಕರೆದ.

ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಮಲಗಿದೆ ಅಂದ್ರೆ ಮಲಗಿದೆ. ಗುಡಿಸೋದಂತೂ ನಂಗೆ ಹೇಳ್ಬೇಡ. ಸಂತರಿಗೆ ನೆರಳು ಯಾಕೆ ಇಲ್ಲ?"

"ಸಂತರಿಗೆ ಎಲ್ಲಿಯ ನೆರಳು?"

"ನೆಲದ ಮೇಲೆ ನಿಂತ ಮೇಲೆ ನೆರಳು ಬೀಳ್ಬೇಕಲ್ಲ. ನಮ್ಮ ಕತ್ತೆಗೂ ಬೀಳುತ್ತೆ."

ಅವನು ಅದನ್ನು ಯೋಚಿಸಿರಲಿಲ್ಲ. ಚಿನ್ನವಿದ್ದಾಗ ಬೆಳಕು ಚಿನ್ನದ್ದೇ ಆಗಿತ್ತು, ಎಲ್ಲ ಕಡೆಯಿಂದಲೂ ಬರುತ್ತಿತ್ತು. ಈಗ ಎಲ್ಲಿಂದ ಬರಬೇಕು? ಚರ್ಚಿನ ಕಿಟಕಿ ಎಡಕ್ಕಿದೆ. ಎಡದಿಂದ ಎಂದು ತೀರ್ಮಾನಿಸಿ ಐವರಿಗೂ ಬಲಕ್ಕೆ ನೆರಳು ಕೊಟ್ಟ. ಹಂದಿಗೂ ಕೊಟ್ಟ. ಆದರೆ ಮೆಮ್ಮೊ ಗಾಲ್ಗಾನೊನ ಮೂಗಿಗೆ ಬೆಳಕು ಬರೆದದ್ದು ಬಲಗಡೆಗೆ. ಈಗ ಒಬ್ಬನಿಗೆ ಎರಡು ಸೂರ್ಯ ಆದವು.

ಅಕ್ಟೋಬರ್ ಕೊನೆಗೆ ಲಾಪೊ ನೋಡಲು ಬಂದ. ತುಂಬ ಹೊತ್ತು ನೋಡಿದ. ಕತ್ತು ಓರೆ ಮಾಡಿ ನೋಡಿದ.

"ನೆಲ ಬಂದಿದೆ," ಎಂದ. "ಆದ್ರೆ ಜಾರ್ತಾ ಇದೆ."

"ಯಾವ ಕಡೆಗೆ?"

"ಬಲಕ್ಕೆ. ನಾನು ಮಾತೆ ಮುಖ ನೋಡೋಣ ಅಂತ ಹೋದ್ರೆ ಕಣ್ಣು ಹೋಗಿ ಕಾತೆರೀನಾ ಮೊಣಕೈಗೆ ಹೊಡ್ಕೊಳ್ಳುತ್ತೆ. ಅಲ್ಲೇನಿದೆ ಮಾರಾಯ? ಎಲ್ಲಾ ಚಪ್ಪಡೀನೂ ಆ ಮೊಣಕೈನೇ ತೋರಿಸ್ತಿದಾವೆ. ಹೆಂಗಸರು ಇನ್ಮೇಲೆ ಅದಕ್ಕೇ ಮೇಣದ ಬತ್ತಿ ಹಚ್ತಾರೆ ನೋಡು."

ಗೊರೊ ಹಿಂದೆ ನಿಂತು ಮೇಲೆ ನೋಡುತ್ತಿದ್ದ. ಅವನು ಹೇಳಬೇಕಾದದ್ದನ್ನು ಹೇಳಿ ಆಗಿತ್ತು.

ಮರುದಿನ ಅನ್ಸಾನೊ ಹಿತ್ತಲಿಗೆ ಹೋಗಿ ನಿಂತ. ಮೊಳೆ ಹೊಡೆದವನು ಗೊರೊ. ಎರಡೇ ಏಟು. ಮಾತೆಯ ಎದೆಯ ನೀಲಿ ಬಣ್ಣ ಅಂಗೈಯಗಲ ಸಿಡಿದು ಉದುರಿತು. ಅಲ್ಲಿ ಹೊಸ ನೀಲಿ ಹಚ್ಚಿದರೆ ಹಳೆಯದರ ಪಕ್ಕ ತೇಪೆಯಂತೆ ಕಂಡಿತು. ಹೊದಿಕೆಯನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು. ನೆಲ ಮತ್ತೆ ಹಾಸಿದ್ದಾಯಿತು. ಈ ಸಲ ನೆಲ ಜಾರಲಿಲ್ಲ. ಎಲ್ಲ ಗೆರೆಗಳೂ ಮಾತೆಯ ಕಡೆಗೇ ಓಡಿದವು. ನೋಡುವವನಿಗೆ ನಾಲ್ಕು ಹೆಜ್ಜೆ ಇಟ್ಟರೆ ಅವಳ ಕಾಲು ಮುಟ್ಟಬಹುದು ಎನ್ನಿಸುತ್ತಿತ್ತು.

ಅನ್ಸಾನೊನಿಗೆ ಒಂದು ದಿನ ಪೂರ್ತಿ ಸಂತೋಷವಿತ್ತು.

ಎರಡನೆಯ ದಿನ ಲಾಪೊ ಇನ್ನೂ ನಾಲ್ವರನ್ನು ಕರೆದುಕೊಂಡು ಬಂದ. "ಈಗ ಸರಿ," ಎಂದ. ಆಮೇಲೆ ಮಾತೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಲ್ಲಾ, ಮಾತೆ ಎದ್ದು ನಿಂತ್ರೆ ಏನಾಗುತ್ತೆ?" ಎಂದ.

"ಯಾಕೆ ಎದ್ದು ನಿಲ್ತಾಳೆ?"

"ಮಗು ಅತ್ರೆ ನಿಲ್ಲಲ್ವಾ? ಕೂತಿದ್ರೇನೇ ಅಂತೋನಿಯೊನ ಎತ್ತರ ಇದಾಳೆ. ನಿಂತ್ರೆ ಚೌಕಟ್ಟು ಒಡ್ಕೊಂಡು ಹೋಗ್ತಾಳೆ. ಈ ನಾಲ್ವರು ಸಂತರು ಅವಳ ಸೊಂಟಕ್ಕೆ ಬರ್ತಾರೆ."

"ಮೊದ್ಲೂ ಅಷ್ಟೇ ಇದ್ದಳಲ್ಲ! ದೊಡ್ಡವಳು ಅಂತ ದೊಡ್ಡದಾಗಿ ಬರೆದದ್ದು."

"ಮೊದ್ಲು ನೆಲ ಇರ್ಲಿಲ್ಲ," ಎಂದ ಲಾಪೊ.

ಇನ್ನೊಬ್ಬ ಬಗ್ಗಿ ಹಂದಿಯನ್ನು ನೋಡಿ, "ಇದು ಹೆಗ್ಗಣಾನಾ?" ಎಂದು ಕೇಳಿದ.

ಅನ್ಸಾನೊ ಗೊರೊನ ಮುಖ ನೋಡಿದ. ಗೊರೊ ಗಡ್ಡ ಕೆರೆದುಕೊಂಡ. "ಒಂದು ದಾರಿ ಇದೆ. ಸಂತರನ್ನ ಹಿಂದಕ್ಕೆ ಕಳಿಸು. ದೂರ ಇರೋರು ಚಿಕ್ಕೋರು. ಆಗ ಅವರು ಚಿಕ್ಕೋರಾಗಿದ್ರೂ ತಪ್ಪಲ್ಲ."

ಹಿಂದಕ್ಕೆ ಕಳಿಸುವುದು ಎಂದರೆ ಪಾದಗಳು ಮೇಲಿನ ಚಪ್ಪಡಿಗೆ ಏರಬೇಕು. ತಲೆ ಇದ್ದಲ್ಲೇ ಇದ್ದು ಪಾದ ಮೇಲೇರಿದರೆ ಮನುಷ್ಯ ಕುಳ್ಳನಾಗುತ್ತಾನೆ. ಅನ್ಸಾನೊ ಅಂತೋನಿಯೊನ ಕಾಲುಗಳನ್ನು ಹೆರೆದು ಮೇಲೆ ಬರೆದ. ದೊಡ್ಡ ತಲೆ, ಗಿಡ್ಡ ಕಾಲು, ಸಂತೆಯ ಕೋಡಂಗಿ. ಒಂದು ವಾರ ಅದನ್ನು ಸರಿ ಮಾಡಲು ನೋಡಿ ಕೊನೆಗೆ ಹಂದಿಯ ಸಮೇತ ಪೂರ್ತಿ ಹೆರೆದ. ಹೊಸ ಅಂತೋನಿಯೊ ಹೊಸ ಅಳತೆಗೆ ಬಂದ. ಅವನ ಪಕ್ಕದಲ್ಲಿ ಹಳೆಯ ಯೊವಾನ್ನಿ ಬೇರೆ ಊರಿನ ನೆಂಟನ ಹಾಗೆ ಕಾಣಿಸಿದ. ಯೊವಾನ್ನಿಯನ್ನೂ ಹೆರೆದ. ಎಡಕ್ಕೆ ಹೊಸಬರಾದ ಮೇಲೆ ಬಲಕ್ಕೆ ಹಳಬರನ್ನು ಬಿಡುವುದು ಹೇಗೆ? ಕಾತೆರೀನಾ ಹೋದಳು. ಗಾಲ್ಗಾನೊನನ್ನು ಹೆರೆಯುವಾಗ ಮಾತ್ರ ಅವನು ಬಾಗಿಲಿಗೆ ಅಗುಳಿ ಹಾಕಿಕೊಂಡ. ಊರಿನವರಿಗೆ ಗೊತ್ತಾಗದಿರಲಿ ಎಂದು. ಹೊಸ ತಲೆಗಳ ಹಿಂದೆ ಅಪ್ಪನ ದೊಡ್ಡ ಪ್ರಭಾವಳಿಗಳು ಗೋಡೆಗೆ ನೇತುಹಾಕಿದ ತಟ್ಟೆಗಳ ಹಾಗಿದ್ದವು. ಅವನ್ನೂ ಹೆರೆದ, ಅಲ್ಲೂ ಆಕಾಶ ಬಂತು.

ಪ್ರತಿ ಸಲವೂ ಅವನು ಇಷ್ಟೇ, ಇನ್ನು ಮುಟ್ಟುವುದಿಲ್ಲ ಎಂದುಕೊಳ್ಳುತ್ತಿದ್ದ. ಪ್ರತಿ ಸಲವೂ ಪಕ್ಕದಲ್ಲಿದ್ದದ್ದು ತಪ್ಪಾಗಿ ಕಾಣುತ್ತಿತ್ತು. ತಪ್ಪು ಮೊದಲಿನಿಂದ ಅಲ್ಲಿತ್ತೋ, ತಾನು ತಂದದ್ದೋ ಎಂಬುದು ಅವನಿಗೆ ಬಗೆಹರಿಯಲಿಲ್ಲ.

ನವೆಂಬರಿನ ನಡುವೆ ತೆಸ್ಸಾ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಮೀತಾಳ ಮಗಳು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಫಲಕದ ಹತ್ತಿರ ಹೋಗಿ ತನ್ನ ತಾಯಿಗೆ ವಾರದ ಸುದ್ದಿ ಹೇಳಿ ಬರುತ್ತಿದ್ದವಳು. ಎರಡು ತಿಂಗಳಿಂದ ಹೇಳದ ಸುದ್ದಿ ಬಾಕಿ ಇತ್ತು.

ಕೋಲೂರಿಕೊಂಡು ಫಲಕದ ಮುಂದೆ ನಿಂತಳು. ಮೀತಾ ಇದ್ದಲ್ಲೇ ಇದ್ದಳು, ಮಾತೆಯ ಕಾಲ ಬಳಿ. ಈಗ ಅವಳ ಮಂಡಿಯ ಕೆಳಗೆ ಕೆಂಪು ಚಪ್ಪಡಿ ಇತ್ತು. ಅವಳಿಡೀ ಆ ಒಂದು ಚಪ್ಪಡಿಯೊಳಗೆ ಹಿಡಿಸಿದ್ದಳು.

"ನಮ್ಮಮ್ಮನ್ನ ಕೋಳಿ ಮಾಡಿದೀಯಲ್ಲೋ," ಎಂದಳು ತೆಸ್ಸಾ.

"ನಾನು ಮುಟ್ಟೇ ಇಲ್ಲ ತಾಯಿ. ನೋಡಿ, ಅಪ್ಪ ಬರೆದದ್ದೇ. ಒಂದು ಗೆರೆ ಬದಲಾಗಿಲ್ಲ."

"ಅಮ್ಮ ಇಷ್ಟು ಚಿಕ್ಕೋಳಿರ್ಲಿಲ್ಲ."

"ಇಷ್ಟೇ ಇದ್ದಳು. ಅಳತೆ ಬೇಕಾದ್ರೆ ತೋರಿಸ್ತೀನಿ."

"ಅಳತೆ ತಗೊಂಡು ಏನ್ ಮಾಡ್ಲಿ? ನಮ್ಮಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬರೋಳು. ಅರವತ್ತು ವರ್ಷ ಇಲ್ಲಿ ನೋಡ್ದಾಗ್ಲೂ ಎತ್ತರದ ಹೆಂಗಸೇ. ಮಾತೆ ಮುಂದೆ ಕೂತಿದಾಳೆ, ಮರ್ಯಾದೆಗೆ ಸಣ್ಣಗಾಗಿದಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಈಗ ನೋಡಿದ್ರೆ ಯಾರಾದ್ರೂ ತುಳೀತಾರೆ ಅನ್ಸುತ್ತೆ." ಅವಳು ಕೋಲಿನಿಂದ ನೆಲ ಕುಟ್ಟಿದಳು. "ದೊಡ್ಡದು ಮಾಡು ಮಗ."

ಅನ್ಸಾನೊ ಗೊರೊನನ್ನು ಕೇಳಿದ, ಗೊರೊ ಲಾಪೊನನ್ನು ಕೇಳು ಎಂದ. ಲಾಪೊನಿಗೆ ಅಭ್ಯಂತರವಿರಲಿಲ್ಲ. ಹೊಳೆಯಾಚೆಯ ಚಿತ್ರದಲ್ಲೂ ದುಡ್ಡು ಕೊಟ್ಟು ಬರೆಸಿದವರು ಸಂತರಷ್ಟೇ ದೊಡ್ಡದಾಗಿ ಕೂತಿದ್ದಾರಂತೆ. "ಜಾಗ ಮಿಕ್ಕಿದ್ರೆ ಮೂಲೇಲಿ ನನ್ನೂ ಕೂರಿಸು," ಎಂದ. ಜಾಗ ಮಿಗಲಿಲ್ಲ.

ದೊಡ್ಡ ಮುಖ ಬರೆಯಲು ಮುಖ ಬೇಕು. ಮೆಮ್ಮೊ ಬರೆದ ಮೀತಾಳಿಗೆ ಇದ್ದದ್ದು ಒಂದು ಮೂಗಿನ ಗೆರೆ, ಒಂದು ಕಣ್ಣು, ಬಿಳಿ ತಲೆವಸ್ತ್ರ. ಅಂಥ ಮೂಗು ಮೆಮ್ಮೊ ಬರೆದ ಎಲ್ಲ ಹೆಂಗಸರಿಗೂ ಇತ್ತು. ಅನ್ಸಾನೊ ತೆಸ್ಸಾಳನ್ನೇ ಕಿಟಕಿಯ ಪಕ್ಕ ಕೂರಿಸಿದ. ತಾಯಿಯ ಮುಖವೇ ಮಗಳಿಗೆ ಬಂದಿದೆ ಎಂದು ಊರವರೆಲ್ಲ ಹೇಳುತ್ತಿದ್ದರು. ಅವಳು ನಾಲ್ಕು ದಿನ ಕೂತಳು. ಕೂತಲ್ಲೇ ವಾನ್ನಾಳಿಗೆ ಬೀನ್ಸ್ ಸುಲಿದುಕೊಟ್ಟಳು. ಅನ್ಸಾನೊ ಕಂಡದ್ದನ್ನು ಬರೆದ. ಕೆನ್ನೆಯ ಗುಳಿ, ಗಲ್ಲದ ಮೇಲಿನ ಎರಡು ಕೂದಲು, ಕಣ್ಣಿನ ಕೆಳಗಿನ ಚೀಲ. ಕಂಡದ್ದನ್ನು ಕಂಡ ಹಾಗೆ ಅವನು ಬರೆದದ್ದು ಅದೇ ಮೊದಲು. ಕೈ ಎಲ್ಲಿ ನಿಲ್ಲಬೇಕೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ನಿಲ್ಲಿಸಲೂ ಮನಸ್ಸಿರಲಿಲ್ಲ.

ಐದನೆಯ ದಿನ ತೆಸ್ಸಾ ಎದ್ದು ಬಂದು ನೋಡಿದಳು.

"ಇದು ನಾನು," ಎಂದಳು. "ಅಮ್ಮ ಎಲ್ಲಿ?"

ಹಳೆಯ ಮೀತಾ ಹೊಸ ಮೀತಾಳ ಮೊಣಕಾಲ ಕೆಳಗೆ ಹೋಗಿದ್ದಳು. ಹೆರೆದು, ಉಜ್ಜಿ, ಬಿಳಿ ಬಳಿದು.

"ಇವಳೇ ಅಮ್ಮ," ಎಂದ ಅನ್ಸಾನೊ.

"ಗಲ್ಲದ ಕೂದಲು ನಂದು ಮಗ. ಅಮ್ಮ ಸಾಯೋವಾಗ ಮೂವತ್ತು ವರ್ಷ ಅವಳಿಗೆ. ನಾನು ನನ್ನ ಹತ್ರಾನೇ ಹೋಗಿ ಏನ್ ಸುದ್ದಿ ಹೇಳ್ಕೊಳ್ಳಲಿ?"

ಅವಳು ಕೂಗಾಡಲಿಲ್ಲ. ಉಳಿದ ಬೀನ್ಸ್ ಸುಲಿದುಕೊಟ್ಟು ಮನೆಗೆ ಹೋದಳು.

ಹಬ್ಬಕ್ಕೆ ಹತ್ತು ದಿನ ಉಳಿದಾಗ ಫಲಕದಲ್ಲಿ ಮೆಮ್ಮೊನದು ಎಂದು ಉಳಿದದ್ದು ಮಾತೆಯ ಮುಖ, ಅವಳ ಪ್ರಭಾವಳಿ ಮತ್ತು ಮಗು. ಇವನ್ನು ಸತ್ತರೂ ಮುಟ್ಟುವುದಿಲ್ಲ ಎಂದು ಅನ್ಸಾನೊ ಹೆಂಡತಿಯ ಮುಂದೆ ಆಣೆ ಇಟ್ಟ.

"ಮುಟ್ಬೇಡ," ಎಂದಳು ವಾನ್ನಾ. ಆದರೆ ಫಲಕದ ಕಡೆ ನೋಡಿದಾಗೆಲ್ಲ ಅವಳ ಹುಬ್ಬು ಗಂಟಿಕ್ಕುತ್ತಿತ್ತು.

"ಏನು?"

"ಏನಿಲ್ಲ."

"ಹೇಳು."

"ಎಲ್ಲರೂ ಉಸಿರಾಡ್ತಿದಾರೆ. ಅವಳು ಇಸ್ಪೀಟು ರಾಣಿ ಥರ ಕೂತಿದಾಳೆ. ಹುಷಾರಿಲ್ಲವೇನೋ ಅನ್ಸುತ್ತೆ. ಮುಖ ಹಸಿರಾಗಿದೆ."

ಹಸಿರು ಯಾವಾಗಲೂ ಅಲ್ಲಿತ್ತು. ಚಿನ್ನದ ಪಕ್ಕದಲ್ಲಿ ಅದು ಹಸಿರಾಗಿ ಕಾಣುತ್ತಿರಲಿಲ್ಲ, ಅಷ್ಟೇ. ಅನ್ಸಾನೊ ಒಂದು ದಿನ ತಡೆದ. ಎರಡು ದಿನ ತಡೆದ. ಮೂರನೆಯ ದಿನ ಕೆನ್ನೆಗೊಂದು ಚೂರು ಕೆಂಪು, ದವಡೆಗೊಂದು ಎಳೆ ನೆರಳು ಮಾತ್ರ ಎಂದುಕೊಂಡು ಕೂತ. ಕೆನ್ನೆ ತುಂಬಿತು, ಕತ್ತು ಸೊರಗಿದ ಹಾಗಾಯಿತು. ಕತ್ತು ಸರಿಮಾಡಿದ. ಕತ್ತು ತಿರುಗಿತು, ಪ್ರಭಾವಳಿ ತಿರುಗಲಿಲ್ಲ. ಮಗು ಮುದುಕನ ಹಾಗೆ ಕಂಡಿತು. ಪ್ರಭಾವಳಿಯೂ ಹೋಯಿತು, ಮಗುವೂ ಹೋಯಿತು.

ಹಬ್ಬದ ಹಿಂದಿನ ದಿನ ಫಲಕವನ್ನು ಚರ್ಚಿಗೆ ಏರಿಸಿದರು. ಊರಿಗೆ ಊರೇ ಬಂತು. ಗಾಲ್ಗಾನೊ ಯಾಕೆ ಅಷ್ಟು ಹಿಂದೆ ನಿಂತಿದ್ದಾನೆ, ತಡವಾಗಿ ಬಂದನೇ ಎಂದು ಒಂದಿಬ್ಬರು ಗೊಣಗಿದರು. ಗುಡ್ಡದ ಮೇಲಿನ ಮೇಕೆಗಳನ್ನು ಮಕ್ಕಳು ಎಣಿಸಿದರು. ತೆಸ್ಸಾ ಬರಲಿಲ್ಲ. ಅನ್ಸಾನೊ ಬಾಗಿಲ ಬಳಿ ನಿಂತು ನೋಡಿದ. ನೆಲ ನೆಲವಾಗಿತ್ತು, ಗಾಳಿ ಗಾಳಿಯಾಗಿತ್ತು. ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದ್ದರೆ ಹೌದು ಎನ್ನುತ್ತಿದ್ದನೋ ಇಲ್ಲವೋ, ಅವನಿಗೇ ಗೊತ್ತಿರಲಿಲ್ಲ. ತಾನು ಯಾವುದನ್ನು ಉಳಿಸಲು ಹೊರಟಿದ್ದನೋ ಅದನ್ನು ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ ಹುಡುಕಿದ.

ಲಾಪೊ ಬಂದು ಅವನ ಬೆನ್ನಿಗೆ ಗುದ್ದಿದ. "ಭೇಷ್ ಕಣಯ್ಯಾ! ನಿಮ್ಮಪ್ಪ ಬಂದ್ರೂ ಗುರುತು ಹಿಡಿಯಲ್ಲ!"

ಅನ್ಸಾನೊ ಹೋದದ್ದನ್ನು ಬೆರಳು ಮಡಚಿ ಎಣಿಸಿದ. ಐವರು ದೇವದೂತರು. ನಾಲ್ವರು ಸಂತರು. ಐದು ಪ್ರಭಾವಳಿ. ಒಂದು ಹಂದಿ. ಮಾತೆಯ ಮುಖ. ಮಗು. ಮೀತಾ.